ರಸ್ತೆ ಬದಿಯಲ್ಲಿ ಬಿಚ್ಚಿಟ್ಟ ಚಕ್ರ

ಎಲೆ ಉದುರುವ ಕಾಲದಲ್ಲಿ ಸೈಕಲ್ ತುಳಿಯುವುದು ನನಗೆ ಎಲ್ಲಕ್ಕಿಂತ ಇಷ್ಟ. ಬೆವರು ಕಮ್ಮಿ, ಬಿಸಿಲು ಓರೆ, ರಸ್ತೆಯಲ್ಲಿ ಜನ ಕಮ್ಮಿ. ಆದರೆ ಸೈಕಲ್ಲಿಗೆ ಮಾತ್ರ ಇದು ಕಷ್ಟದ ಕಾಲ. ಬೇಸಿಗೆಯಿಡೀ ತಕರಾರಿಲ್ಲದೆ ಓಡಿದ ಗಾಡಿ ಈಗ ಒಂದಲ್ಲ ಒಂದು ರಗಳೆ ತೆಗೆಯುತ್ತದೆ. ಚಳಿ, ತೇವ, ಕೊಳೆತ ಎಲೆ, ಬೇಗ ಬೀಳುವ ಕತ್ತಲೆ. ಒಂದೊಂದೂ ಸೈಕಲ್ಲಿನ ಒಂದೊಂದು ಭಾಗಕ್ಕೆ ತೊಂದರೆ ಕೊಡುತ್ತದೆ.

ಇತ್ತೀಚೆಗೆ ತಮ್ಮನ ಜೊತೆ ಹೀಗೊಂದು ಸವಾರಿ ಹೋಗಿದ್ದೆ. ಅವನು ನನಗಿಂತ ಜೋರಾಗಿ ತುಳಿಯುತ್ತಾನೆ, ಏರು ಬಂದರೂ ಉಸಿರು ಬಿಡುವುದಿಲ್ಲ. ಆದರೆ ಒಂದು ಸಲವೂ ಟೈರ್ ಬಿಚ್ಚಿದವನಲ್ಲ. ಏನಾದರೂ ಕೆಟ್ಟರೆ ಫೋನ್ ಇದೆಯಲ್ಲ, ಯಾರಾದರೂ ಬರುತ್ತಾರೆ ಅನ್ನುವ ಧೈರ್ಯ ಅವನದು. ಈಗಿನ ಬಹಳ ಜನರ ಧೈರ್ಯ ಅದೇ ಅಲ್ವಾ. ಅವತ್ತು ದಾರಿಯುದ್ದಕ್ಕೂ ಮತ್ತೆ ಮತ್ತೆ ನಿಲ್ಲಬೇಕಾಯಿತು. ಯಾರಿಗೂ ಪೆಟ್ಟಾಗಲಿಲ್ಲ, ಯಾವುದೂ ದೊಡ್ಡ ವಿಷಯವಲ್ಲ. ಆದರೂ ಬರೆಯಬೇಕು ಅನ್ನಿಸಿದ್ದು ಆ ಸಣ್ಣಪುಟ್ಟ ನಿಲುಗಡೆಗಳ ಬಗ್ಗೆಯೇ.

ಹೊರಟಾಗ ಮರಗಳು ಅರ್ಧ ಬಣ್ಣ ತಿರುಗಿದ್ದವು. ಎಲೆಯ ಹಳದಿ ಹೊಸದಾಗಿ ಬರುವುದಲ್ಲ. ಅದು ಮೊದಲಿಂದಲೂ ಒಳಗೇ ಇರುತ್ತದೆ, ಹಸಿರಿನ ಅಡಿಯಲ್ಲಿ ಕಾಣುವುದಿಲ್ಲ ಅಷ್ಟೆ. ಹಗಲು ಚಿಕ್ಕದಾದಂತೆ ಮರ ಹಸಿರಿನ ಕ್ಲೋರೋಫಿಲ್ ಅನ್ನು ಒಡೆದು, ಎಲೆಯಲ್ಲಿರುವ ಸತ್ವವನ್ನು ವಾಪಸ್ ಎಳೆದುಕೊಳ್ಳುತ್ತದೆ. ಆಗ ಹಳದಿ ಮೇಲೆ ಬರುತ್ತದೆ. ಕೆಂಪು ಮಾತ್ರ ಬೇರೆ, ಅದನ್ನು ಎಲೆ ಈ ಕಾಲದಲ್ಲೇ ತಯಾರಿಸುತ್ತದೆ. ಕೊನೆಗೆ ತೊಟ್ಟಿನ ಬುಡದಲ್ಲಿ ಒಂದು ತೆಳು ಪದರ ಬೆಳೆದು ಎಲೆ ಕಳಚಿಕೊಳ್ಳುತ್ತದೆ. ಮರದ ಮಟ್ಟಿಗೆ ಇದು ಅಚ್ಚುಕಟ್ಟಾದ ಕೆಲಸ. ಅದರ ಕೆಳಗೆ ಸೈಕಲ್ ಓಡಿಸುವವರ ಪಾಡು ಬೇರೆ.

ಒಣ ಎಲೆ ತೊಂದರೆ ಕೊಡುವುದಿಲ್ಲ. ಚಕ್ರದ ಕೆಳಗೆ ಪರಪರ ಅನ್ನುತ್ತದೆ, ಕೇಳಲು ಖುಷಿ. ಹಿಂದಿನ ರಾತ್ರಿ ಮಳೆ ಬಂದು ಎಲೆ ನೆಲಕ್ಕೆ ಅಂಟಿಕೊಂಡಿದ್ದರೆ ಮಾತ್ರ ಹುಷಾರಾಗಿರಬೇಕು. ಒದ್ದೆ ಎಲೆಗಳು ಒಂದರ ಮೇಲೊಂದು ಜಾರುತ್ತವೆ. ಟೈರ್ ಮೇಲಿನ ಎಲೆಯನ್ನು ಹಿಡಿದುಕೊಂಡಿರುತ್ತದೆ ನಿಜ, ಆದರೆ ಆ ಎಲೆ ಕೆಳಗಿನದನ್ನು ಹಿಡಿದುಕೊಂಡಿರುವುದಿಲ್ಲ. ಅದರಡಿ ಗುಂಡಿ ಇದೆಯೋ, ಕಲ್ಲಿದೆಯೋ, ಅದೂ ಕಾಣುವುದಿಲ್ಲ. ಒಂದು ತಿರುವಿನಲ್ಲಿ ತಮ್ಮನ ಹಿಂದಿನ ಚಕ್ರ ಪಕ್ಕಕ್ಕೆ ಸರಿಯಿತು. ತಕ್ಷಣ ಕಾಲು ಊರಿ ನಿಂತ. ಮುಖ ಬಿಳುಚಿಕೊಂಡಿತ್ತು.

"ಅಕ್ಕಾ, ನಾನು ಬ್ರೇಕೇ ಜೋರಾಗಿ ಹಿಡಿದಿರಲಿಲ್ಲ" ಅಂದ.

ಹಿಡಿದಿರಲಿಲ್ಲ, ನಿಜ. ಅಂಥ ಕಡೆ ಮೆತ್ತಗೆ ಹಿಡಿದರೂ ಜಾಸ್ತಿಯೇ. ತಿರುವು ಬರುವ ಮೊದಲೇ, ಸೈಕಲ್ ನೆಟ್ಟಗಿರುವಾಗಲೇ ವೇಗ ಇಳಿಸಿಕೊಳ್ಳಬೇಕು. ಎಲೆಯ ಮೇಲೆ ಬಂದ ಮೇಲೆ ಬ್ರೇಕೂ ಬೇಡ, ವಾಲುವುದೂ ಬೇಡ, ಸುಮ್ನೆ ಉರುಳಲು ಬಿಡಬೇಕು. ರಸ್ತೆಗೆ ಬಳಿದ ಬಿಳಿ ಪಟ್ಟಿಯೂ ಮಳೆಯಲ್ಲಿ ಹೀಗೇ ಜಾರುತ್ತದೆ. ದೊಡ್ಡ ದೊಡ್ಡ ಸವಾರರೂ ಇದರಿಂದ ತಪ್ಪಿಸಿಕೊಂಡಿಲ್ಲ. ಇಟಲಿಯಲ್ಲಿ 1905ರಿಂದ ನಡೆಯುತ್ತಿರುವ ಲೊಂಬಾರ್ದಿಯಾ ರೇಸನ್ನು ಅಲ್ಲಿಯ ಜನ ಉದುರಿದ ಎಲೆಗಳ ರೇಸ್ ಅಂತಲೇ ಕರೆಯುತ್ತಾರೆ. ಅದು ಅಕ್ಟೋಬರಿನ ರೇಸು. ಅದರ ಇಳಿಜಾರುಗಳಲ್ಲಿ ನುರಿತ ಸವಾರರು ಬಿದ್ದಿದ್ದಾರೆ.

ಆಮೇಲೆ ಮಡ್‌ಗಾರ್ಡ್. ಮುಂದಿನ ಚಕ್ರದಿಂದ ಚರಚರ ಸದ್ದು ಶುರುವಾಗಿ, ಸ್ವಲ್ಪ ದೂರ ಹೋಗುವಷ್ಟರಲ್ಲಿ ತುಳಿಯುವುದೇ ಭಾರ ಅನ್ನಿಸಿತು. ಇಳಿದು ನೋಡಿದರೆ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಎಲೆ ತುಂಬಿಕೊಂಡು ಗಟ್ಟಿಯಾಗಿತ್ತು. ಒಂದು ಕಡ್ಡಿ ತೂರಿಸಿ ಎಳೆದೆ. ನೆನೆದ ಹಳೇ ಪುಸ್ತಕದ ಹಾಳೆಗಳ ಹಾಗೆ ಒಂದಕ್ಕೊಂದು ಅಂಟಿಕೊಂಡಿದ್ದ ಎಲೆಗಳು ಒಂದೇ ಮುದ್ದೆಯಾಗಿ ಹೊರಬಂದವು. ಅಷ್ಟೇ, ಮತ್ತೆ ಹೊರಟೆವು.

ಪಂಕ್ಚರ್ ಆದದ್ದು ಸುಮಾರು ಅರ್ಧ ದಾರಿಯಲ್ಲಿ.

"ಅಕ್ಕಾ, ಹಿಂದಿನ ಚಕ್ರ ಯಾಕೋ ಮೆತ್ತಗಾಗಿದೆ."

ಹೆಬ್ಬೆರಳಲ್ಲಿ ಒತ್ತಿ ನೋಡಿದೆ. ಟೈರ್ ರಿಮ್ಮಿನ ತನಕ ಕುಸಿಯಿತು. ತಮ್ಮ ಆಗಲೇ ಜೇಬಿಗೆ ಕೈ ಹಾಕಿದ್ದ. "ಯಾರಿಗಾದರೂ ಕಾರ್ ತಗೊಂಡು ಬಾ ಅಂತ ಹೇಳೋಣ್ವಾ?"

"ಬೇಡ ಕಣೋ. ಅರ್ಧ ಗಂಟೆ ಕೆಲಸ. ನೀನೇ ಮಾಡು, ನಾನು ಹೇಳ್ತೀನಿ."

ಈ ಕಾಲದಲ್ಲಿ ಪಂಕ್ಚರ್ ಜಾಸ್ತಿ ಆಗುವುದಕ್ಕೆ ಕಾರಣಗಳಿವೆ. ರಸ್ತೆ ಬದಿಯ ಬೇಲಿ ಕತ್ತರಿಸಿದ ಮುಳ್ಳು ಎಲೆಯಡಿ ಅಡಗಿರುತ್ತದೆ. ಒಣ ರಬ್ಬರಿಗಿಂತ ಒದ್ದೆ ರಬ್ಬರನ್ನು ಮುಳ್ಳೂ ಗಾಜಿನ ಚೂರೂ ಸುಲಭವಾಗಿ ಕೊಯ್ಯುತ್ತವೆ, ಯಾಕೆಂದರೆ ನೀರು ಅಲ್ಲಿ ಎಣ್ಣೆಯ ಕೆಲಸ ಮಾಡುತ್ತದೆ. ಟೈರಿಗೆ ಅಂಟಿದ ಚೂರು ಒಂದೇ ಸಲಕ್ಕೆ ತೂರಬೇಕಾಗಿಲ್ಲ. ಚಕ್ರ ಸುತ್ತಿದ ಪ್ರತಿ ಸಲವೂ ರಸ್ತೆ ಅದನ್ನು ಇಷ್ಟಿಷ್ಟೇ ಒಳಗೆ ತಳ್ಳುತ್ತದೆ. ಇನ್ನು ಚಳಿಯ ಪಾಲು ಬೇರೆ. ಟೈರಿನಲ್ಲಿ 60 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ಇದೆ ಅನ್ನಿ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಬೇರೇನೂ ಆಗದೆಯೇ ಸುಮಾರು ಎರಡೂವರೆ ಪಿಎಸ್‌ಐ ಕಮ್ಮಿಯಾಗುತ್ತದೆ. ರಬ್ಬರಿನ ಮೂಲಕವೂ ಗಾಳಿ ದಿನಾ ಅಷ್ಟಿಷ್ಟು ಸೋರುತ್ತಿರುತ್ತದೆ. ಗಾಳಿ ಕಮ್ಮಿ ಇರುವ ಟೈರ್ ಗುಂಡಿಗೆ ಬಿದ್ದರೆ ಟ್ಯೂಬು ರಿಮ್ಮಿನ ಅಂಚಿಗೆ ಸಿಕ್ಕಿ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಹಾಗಾಗಿ ಟ್ಯೂಬಿನಲ್ಲಿ ಜೋಡಿ ತೂತು ಕಂಡರೆ ಮುಳ್ಳು ಹುಡುಕುತ್ತಾ ಕೂರಬೇಕಾಗಿಲ್ಲ. ಗಾಳಿ ಹೊಡೆಯಬೇಕಿತ್ತು, ಹೊಡೆದಿರಲಿಲ್ಲ, ಅಷ್ಟೆ.

ನಮ್ಮದು ಒಂದೇ ತೂತು. ತಮ್ಮ ಚಕ್ರ ಬಿಚ್ಚಿದ, ಟೈರ್ ಲಿವರ್ ಹಾಕಿ ಒಂದು ಅಂಚನ್ನು ರಿಮ್ಮಿನಿಂದ ಹೊರಗೆ ಎಬ್ಬಿಸಿದ. ಮೊದಲ ಲಿವರಿಗೆ ಜೋರು ಬೇಕು, ಎರಡನೆಯದಕ್ಕೆ ಸ್ವಲ್ಪ ಸಾಕು, ಆಮೇಲೆ ತಾನೇ ಜಾರಿ ಬರುತ್ತದೆ. ಟ್ಯೂಬ್ ತೆಗೆದು ಗಾಳಿ ತುಂಬಿದೆವು. ಸದ್ದು ಕೇಳಿಸಲಿಲ್ಲ. "ತುಟಿ ಹತ್ತಿರ ಹಿಡಿದು ನಿಧಾನಕ್ಕೆ ಸುತ್ತಿಸು" ಅಂದೆ. ಬೆರಳಿಗೆ ಗೊತ್ತಾಗದ ಗಾಳಿ ತುಟಿಗೆ ಗೊತ್ತಾಗುತ್ತದೆ. ಅದೂ ಸಾಲದಾಗ ಪಕ್ಕದಲ್ಲಿ ನಿಂತಿದ್ದ ಮಳೆನೀರಿಗೆ ಅದ್ದಿದ. ಒಂದು ಕಡೆಯಿಂದ ಗುಳ್ಳೆಗಳ ಸಣ್ಣ ಸಾಲು ಎದ್ದಿತು. ಅವನ ಮುಖದಲ್ಲಿ ಆಗ ಬಂದ ನಗು ನೋಡಬೇಕಿತ್ತು.

ಬಹಳ ಜನ ಇಲ್ಲೇ ಅವಸರ ಮಾಡುತ್ತಾರೆ. ತೂತು ಸಿಕ್ಕಿತು, ಪ್ಯಾಚ್ ಹಾಕಿದೆ, ಮುಗಿಯಿತು. ಮುಳ್ಳು ಇನ್ನೂ ಟೈರಿನಲ್ಲೇ ಇದ್ದರೆ? ಟ್ಯೂಬನ್ನು ಟೈರಿನ ಪಕ್ಕ ಮೊದಲಿದ್ದ ಹಾಗೇ ಇಟ್ಟು, ವಾಲ್ವಿನಿಂದ ತೂತು ಎಷ್ಟು ದೂರ ಅಂತ ಅಳತೆ ನೋಡಿದೆವು. ಟೈರಿನಲ್ಲೂ ಅಷ್ಟೇ ದೂರದಲ್ಲಿ ಹುಡುಕಬೇಕು. ಹೊರಗಿನಿಂದ ಏನೂ ಕಾಣಲಿಲ್ಲ. ತಮ್ಮ ಒಳಗಡೆ ಬೆರಳನ್ನು ನಿಧಾನವಾಗಿ ಆಡಿಸಿದ. ಒಂದು ಕಡೆ ತಡೆಯಿತು. ಅರ್ಧ ಸೆಂಟಿಮೀಟರೂ ಇಲ್ಲದ ಕಂದು ಮುಳ್ಳು, ತುದಿ ಮಾತ್ರ ಒಳಗೆ ಇಣುಕಿತ್ತು. ಉಗುರಿಗೆ ಸಿಗದ್ದನ್ನು, ಆರುಮೂಲೆಯ ಬೋಲ್ಟ್ ಬಿಚ್ಚುವ ಅಲೆನ್ ಕೀಯ ತುದಿಯಿಂದ ಹಿಂದಕ್ಕೆ ತಳ್ಳಿ ಹೊರಗಿನಿಂದ ಎಳೆದೆವು. ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ. "ಇಷ್ಟೇನಾ?" ಅಂದ.

ಇನ್ನು ಪ್ಯಾಚ್. ಉಜ್ಜುವ ಕಾಗದದಿಂದ ತೂತಿನ ಸುತ್ತ ಚೆನ್ನಾಗಿ ಉಜ್ಜಬೇಕು, ರಬ್ಬರಿನ ಹೊಳಪು ಪೂರ್ತಿ ಹೋಗಬೇಕು. ಸೊಲ್ಯೂಷನ್ ತೆಳ್ಳಗೆ, ಪ್ಯಾಚಿಗಿಂತ ಸ್ವಲ್ಪ ಅಗಲಕ್ಕೆ ಹಚ್ಚಬೇಕು. ಆಮೇಲೆ ಕಾಯಬೇಕು. ಇದು ಹಸಿಯಾಗಿರುವಾಗಲೇ ಅಂಟಿಸುವ ಗೋಂದಲ್ಲ. ಮೇಲ್ಮೈ ಮಂಕಾಗಿ, ಮುಟ್ಟಿದರೆ ಕೈಗೆ ಬಾರದಂತೆ ಆದ ಮೇಲೇ ಪ್ಯಾಚ್ ಇಟ್ಟು ಬಲವಾಗಿ ಒತ್ತಬೇಕು. ಚಳಿಯಲ್ಲಿ, ತೇವದಲ್ಲಿ ಒಣಗುವುದು ಇನ್ನೂ ನಿಧಾನ. ಆ ಕೆಲವು ನಿಮಿಷ ನಾವು ಬೆನ್ನು ಗಾಳಿಗೆ ಕೊಟ್ಟು, ಟ್ಯೂಬನ್ನು ಹನಿಯಿಂದ ಮರೆ ಮಾಡಿ ಕೂತೆವು. ರಬ್ಬರ್ ಚಳಿಗೆ ಗಟ್ಟಿಯಾಗದೆ, ಬಿಸಿಲಿಗೆ ಕರಗಿ ಅಂಟಾಗದೆ ಇರುವುದಕ್ಕೆ ಗಂಧಕ ಸೇರಿಸಿ ಕಾಯಿಸುವ ವಿದ್ಯೆ ಕಾರಣ. ಚಾರ್ಲ್ಸ್ ಗುಡ್‌ಇಯರ್ ಅದನ್ನು ಕಂಡುಕೊಂಡದ್ದು 1839ರಲ್ಲಿ. ಅದಿಲ್ಲದಿದ್ದರೆ ಗಾಳಿ ತುಂಬಿದ ಟೈರೂ ಇಲ್ಲ, ಈ ಪ್ಯಾಚೂ ಇಲ್ಲ.

ಕಾಯುತ್ತಾ ಕೂತಾಗ ಅವನಿಗೆ ಮಿಷೆಲಿನ್ ಅಣ್ಣತಮ್ಮಂದಿರ ಕಥೆ ಹೇಳಿದೆ. ಡನ್‌ಲಪ್ 1888ರಲ್ಲಿ ಮಗನ ತ್ರಿಚಕ್ರ ಸೈಕಲ್ಲಿಗೆ ಗಾಳಿ ಟೈರ್ ಕಟ್ಟಿದ ವಿಷಯ ಎಲ್ಲರಿಗೂ ಗೊತ್ತು. ಆದರೆ ಆ ಕಾಲದ ಟೈರನ್ನು ರಿಮ್ಮಿಗೆ ಅಂಟಿಸಿಬಿಡುತ್ತಿದ್ದರು. 1889ರಲ್ಲಿ ಫ್ರಾನ್ಸಿನ ಕ್ಲೆರ್ಮೋ-ಫೆರಾಂನಲ್ಲಿದ್ದ ಮಿಷೆಲಿನ್ ಕಾರ್ಖಾನೆಗೆ ಅಂಥದ್ದೊಂದು ಟೈರ್ ಪಂಕ್ಚರ್ ಆಗಿ ಬಂತು. ಬಿಚ್ಚಿ ರಿಪೇರಿ ಮಾಡಲು ಮೂರು ಗಂಟೆಗೂ ಜಾಸ್ತಿ ಹಿಡಿಯಿತು, ಅಂಟು ಒಣಗಲು ಒಂದು ರಾತ್ರಿ. ಮರುದಿನ ಎದುವಾರ್ ಮಿಷೆಲಿನ್ ಅದನ್ನು ಓಡಿಸಿ ನೋಡಿದರೆ ಸ್ವಲ್ಪ ದೂರಕ್ಕೇ ಮತ್ತೆ ಗಾಳಿ ಹೋಯಿತು. ಆದರೆ ಗಾಳಿಯ ಮೇಲೆ ಕೂತು ಓಡುವ ಸುಖ ಅವರಿಗೆ ಗೊತ್ತಾಗಿಬಿಟ್ಟಿತ್ತು. ಯಾರು ಬೇಕಾದರೂ ರಸ್ತೆಯಲ್ಲೇ ಬಿಚ್ಚಿ ಹಾಕಬಹುದಾದ ಟೈರನ್ನು 1891ರಲ್ಲಿ ಹೊರತಂದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನಿಂದ ಬ್ರೆಸ್ತ್‌ಗೆ ಹೋಗಿ ವಾಪಸ್ ಬರುವ ಸುಮಾರು 1200 ಕಿಲೋಮೀಟರಿನ ರೇಸನ್ನು ಶಾರ್ಲ್ ತೆರೋಂ ಗೆದ್ದದ್ದು ಆ ಟೈರಿನಲ್ಲೇ, 71 ಗಂಟೆ ಚಿಲ್ಲರೆಯಲ್ಲಿ. ನನ್ನ ಪ್ರಕಾರ ಗಾಳಿ ಟೈರನ್ನು ಜನರ ಕೈಗೆ ತಲುಪಿಸಿದ್ದು ಈ ಬಿಚ್ಚುವ ಅನುಕೂಲವೇ. ಪಂಕ್ಚರ್ ಆಗದ ಹಾಗೆ ಮಾಡಲು ಅವರಿಗೂ ಆಗಲಿಲ್ಲ. ಆದಾಗ ನಾವೇ ಸರಿ ಮಾಡಿಕೊಳ್ಳುವ ಹಾಗೆ ಮಾಡಿದರು.

ಈ ಮಾತನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಸೈಕಲ್ ಅಂದರೆ ಎಲ್ಲವೂ ಹೊರಗೇ ಕಾಣುವ ಯಂತ್ರ. ಚೈನ್ ಕಾಣುತ್ತದೆ, ಹಲ್ಲು ಕಾಣುತ್ತದೆ, ಬ್ರೇಕಿನ ತಂತಿ ಕಾಣುತ್ತದೆ. ಏನು ಕೆಟ್ಟಿದೆ ಅನ್ನುವುದನ್ನು ಕಣ್ಣಿಂದ ನೋಡಿ, ಕೈಯಿಂದ ಮುಟ್ಟಿ ಹೇಳಬಹುದು. ಈಗ ಬರುವ ಸೈಕಲ್‌ಗಳಲ್ಲಿ ಇದು ಮೆಲ್ಲಗೆ ಮುಚ್ಚಿಹೋಗುತ್ತಿದೆ. ತಂತಿಗಳನ್ನು ಹ್ಯಾಂಡಲಿನೊಳಗಿಂದ, ಫ್ರೇಮಿನೊಳಗಿಂದ ಎಳೆದಿರುತ್ತಾರೆ. ನೋಡಲು ನೀಟು, ಆದರೆ ಒಂದು ತಂತಿ ಬದಲಿಸಲು ಅರ್ಧ ಸೈಕಲ್ ಬಿಚ್ಚಬೇಕು. ಬ್ಯಾಟರಿ ಗೇರು ಬಂದಿದೆ, ಚಾರ್ಜ್ ಮುಗಿದರೆ ಗೇರ್ ಬದಲಾಗುವುದಿಲ್ಲ. ಹೊಸದೆಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಟ್ಯೂಬಿಲ್ಲದ ಟೈರಿನೊಳಗೆ ಹಾಕುವ ದ್ರವ ಸಣ್ಣ ತೂತನ್ನು ತಾನೇ ಮುಚ್ಚುತ್ತದೆ, ಮುಳ್ಳಿನ ದಾರಿಯಲ್ಲಿ ಅದು ನಿಜವಾಗಿಯೂ ದೊಡ್ಡ ಉಪಕಾರ. ಆದರೆ ಸವಾರಿಗೆ ಅಂತ ಒಂದು ಸೈಕಲ್ ಆರಿಸಬೇಕಾದರೆ ನಾನು ಮೊದಲು ನೋಡುವುದು ತೂಕ ಅಲ್ಲ, ವೇಗ ಅಲ್ಲ. ರಸ್ತೆ ಬದಿಯಲ್ಲಿ ಕೂತು ಇದನ್ನು ನಾನು ಬಿಚ್ಚಬಲ್ಲೆನಾ ಅಂತ.

ಬಿಚ್ಚಬಲ್ಲೆನಾ ಅನ್ನುವ ಪ್ರಶ್ನೆ ಬಂದಾಗಲೆಲ್ಲ ನೆನಪಾಗುವುದು ಫ್ರಾನ್ಸಿನ ರೇಸ್ ಸವಾರ ಯುಜೀನ್ ಕ್ರಿಸ್ತೋಫ್. 1913ರ ಟೂರ್ ದ ಫ್ರಾನ್ಸ್ ಸೈಕಲ್ ರೇಸು. ಪಿರನೀಸ್ ಬೆಟ್ಟಗಳಲ್ಲಿ ತುರ್ಮಲೆ ಘಟ್ಟ ಇಳಿಯುವಾಗ ಅವನ ಸೈಕಲ್ಲಿನ ಮುಂದಿನ ಫೋರ್ಕ್, ಅಂದರೆ ಮುಂದಿನ ಚಕ್ರವನ್ನು ಹಿಡಿದಿಡುವ ಕವಲು, ಮುರಿಯಿತು. ರಿಪೇರಿಗೆ ಬೇರೆಯವರ ಸಹಾಯ ತಗೊಳ್ಳುವಂತಿಲ್ಲ ಅನ್ನುವುದು ಆಗಿನ ನಿಯಮ. ಸೈಕಲ್ ಹೊತ್ತುಕೊಂಡು ಹತ್ತು ಕಿಲೋಮೀಟರಿಗೂ ಹೆಚ್ಚು ನಡೆದು, ಸೇಂತ್-ಮರೀ-ದ-ಕಾಂಪಾಂ ಅನ್ನುವ ಹಳ್ಳಿಯ ಕಮ್ಮಾರನ ಕುಲುಮೆ ತಲುಪಿದ. ರೇಸಿನ ಅಧಿಕಾರಿಗಳು ಕಣ್ಣು ಮಿಟುಕಿಸದೆ ನೋಡುತ್ತಾ ನಿಂತಿದ್ದರು. ಕ್ರಿಸ್ತೋಫ್ ಗಂಟೆಗಟ್ಟಲೆ ತಾನೇ ಕಬ್ಬಿಣ ಕಾಯಿಸಿ, ಬಡಿದು, ಬೆಸೆದು ಫೋರ್ಕ್ ಸರಿ ಮಾಡಿಕೊಂಡ. ತಿದಿ ಒತ್ತಲು ಮೂರನೇ ಕೈ ಇರಲಿಲ್ಲ, ಒಬ್ಬ ಹುಡುಗ ಒತ್ತಿಕೊಟ್ಟ. ಅದಕ್ಕೂ ದಂಡ ಹಾಕಿದರು. ಅಷ್ಟೆಲ್ಲ ಆದಮೇಲೂ ಅವನು ರೇಸ್ ಬಿಡಲಿಲ್ಲ, ಒಟ್ಟಾರೆ 7ನೆಯವನಾಗಿ ಮುಗಿಸಿದ. ಆ ನಿಯಮ ಕ್ರೂರ ಅಂತಲೇ ನನಗೆ ಅನ್ನಿಸುತ್ತದೆ, ತಿದಿ ಒತ್ತಿದ ಹುಡುಗನ ನೆಪದಲ್ಲಿ ದಂಡ ಹಾಕಿದ್ದಂತೂ ಅನ್ಯಾಯ. ಆದರೆ ಕುಲುಮೆಯ ಮುಂದೆ ನಿಂತಾಗ ಏನು ಮಾಡಬೇಕು ಅಂತ ಅವನ ಕೈಗೆ ಗೊತ್ತಿತ್ತಲ್ಲ, ಆ ವಿಷಯಕ್ಕೆ ನನಗೆ ತುಂಬಾ ಗೌರವ.

ಪ್ಯಾಚ್ ಕೂತಿತು. ಟೈರಿನ ಕೊನೆಯ ಗೇಣು ಅಂಚನ್ನು ಲಿವರ್ ಹಾಕದೆ ಹೆಬ್ಬೆರಳಲ್ಲೇ ಒಳಗೆ ತಳ್ಳಿಸಿದೆ, ಲಿವರ್ ಹಾಕಿದರೆ ಟ್ಯೂಬ್ ಸಿಕ್ಕಿಕೊಂಡು ಇನ್ನೊಂದು ತೂತಾಗಬಹುದು. ತಮ್ಮ ಗಾಳಿ ಹೊಡೆದ. ಸಣ್ಣ ಪಂಪಿನಲ್ಲಿ ಅದೇ ದೊಡ್ಡ ಕಸರತ್ತು.

ಸಂಜೆ ಹೊತ್ತಿಗೆ ಚೈನ್ ಕೈಕೊಟ್ಟಿತು. ಎಲೆರಾಶಿಯಿಂದ ಹಾರಿದ ಒಂದು ಕಡ್ಡಿ, ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರಿಗೆ ಸಿಕ್ಕಿಕೊಂಡು ಕಟಕಟ ಅಂತು. ಇಂಥ ಹೊತ್ತಲ್ಲಿ ಇನ್ನೂ ಜೋರಾಗಿ ತುಳಿದು ಕಡ್ಡಿಯನ್ನು ಮುರಿದು ಹಾಕೋಣ ಅನ್ನಿಸುತ್ತದೆ. ಹಾಗೆ ಮಾಡಿದರೆ ಡಿರೇಲರ್ ಬಾಗಿ ಸ್ಪೋಕಿನೊಳಗೆ ಹೋಗಬಹುದು. ಆಗ ಸವಾರಿ ಅಲ್ಲಿಗೇ ಮುಗಿದ ಹಾಗೆ. ತಮ್ಮ ನಾನು ಕೂಗುವ ಮೊದಲೇ ಕಾಲು ನಿಲ್ಲಿಸಿದ. ಕಡ್ಡಿ ಎಳೆದು ತೆಗೆದ. ಮುಂದಿನ ಹಲ್ಲುಚಕ್ರದಿಂದ ಚೈನ್ ಒಳಗಡೆ ಬಿದ್ದಿತ್ತು. ನಾನು ಸುಮ್ಮನೆ ನಿಂತೆ. ಅವನು ಸ್ವಲ್ಪ ಹೊತ್ತು ಕುಕ್ಕರಗಾಲಲ್ಲಿ ಕೂತು ನೋಡಿದ. ಚೈನನ್ನು ಬಿಗಿಯಾಗಿ ಎಳೆದಿಡುವ ಡಿರೇಲರಿನ ತೋಳನ್ನು ಬೆರಳಲ್ಲಿ ಮುಂದಕ್ಕೆ ತಳ್ಳಿದ, ಚೈನ್ ಸಡಿಲವಾಯಿತು. ಹಲ್ಲಿನ ಮೇಲ್ಭಾಗಕ್ಕೆ ಕೊಂಡಿ ಸಿಕ್ಕಿಸಿ, ಹಿಂದಿನ ಚಕ್ರ ಎತ್ತಿ ಪೆಡಲ್ ತಿರುಗಿಸಿದ. ಕೂತಿತು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ನೋಡಿದರೆ ತಿಳಿಯುವ ಹಾಗೆ ಇತ್ತು, ಅವನು ನೋಡಿದ.

ಎಲೆಕೆಸರು ಮೆತ್ತಿದ ಚೈನನ್ನು ಹಾಗೇ ಬಿಡಬಾರದು ಅಂತ ಮಾತ್ರ ಹೇಳಿದೆ. ಆ ಕೆಸರಿನ ಮರಳು ಕೊಂಡಿಗಳ ಪಿನ್ನಿನೊಳಗೆ ಹೋಗಿ ಸವೆಸುತ್ತದೆ. ಚೈನ್ ಉದ್ದವಾಯಿತು ಅನ್ನುತ್ತೇವಲ್ಲ, ನಿಜವಾಗಿ ಕಬ್ಬಿಣ ಹಿಗ್ಗಿರುವುದಿಲ್ಲ, ಪಿನ್ನುಗಳು ಸವೆದಿರುತ್ತವೆ. ಒಂದು ಪಿನ್ನಿನಿಂದ ಇನ್ನೊಂದಕ್ಕೆ ಅರ್ಧ ಅಂಗುಲ ಇರಬೇಕು. ಹಾಗಾಗಿ ಹೊಸ ಚೈನಿನ 24 ಕೊಂಡಿ ಅಳೆದರೆ ಸರಿಯಾಗಿ 12 ಅಂಗುಲ. ಅದು 12 ದಾಟಿ ಅಂಗುಲದ ಹದಿನಾರನೇ ಒಂದು ಭಾಗ ಜಾಸ್ತಿ ಬಂದರೆ ಬದಲಿಸುವ ಹೊತ್ತಾಯಿತು. ತಡಮಾಡಿದರೆ ಹಲ್ಲುಚಕ್ರವೂ ಹಾಳಾಗುತ್ತದೆ. ಒರೆಸಿ, ಒಣಗಿಸಿ, ಪ್ರತಿ ಕೊಂಡಿಗೆ ಒಂದೊಂದು ಹನಿ ಎಣ್ಣೆ, ಮೇಲೆ ಉಳಿದದ್ದನ್ನು ಮತ್ತೆ ಒರೆಸಬೇಕು. ಮೇಲೆ ಉಳಿದ ಎಣ್ಣೆ ಮರಳನ್ನು ಕರೆಯುತ್ತದೆ.

ಇಷ್ಟು ಹೊತ್ತಿಗೆ ಬೆಳಕು ಹೋಗುತ್ತಾ ಇತ್ತು. ಸೆಪ್ಟೆಂಬರ್ 22–23ರ ಆಸುಪಾಸು ಹಗಲು ರಾತ್ರಿ ಸಮ ಆಗುತ್ತವೆ, ಉತ್ತರದ ದೇಶಗಳಲ್ಲಿ ಆಗಲೇ ಹಗಲು ಅತಿ ಬೇಗ ಬೇಗ ಕುಗ್ಗುವುದು. 50 ಡಿಗ್ರಿ ಅಕ್ಷಾಂಶದ ಹತ್ತಿರ ದಿನಕ್ಕೆ ಹೆಚ್ಚುಕಮ್ಮಿ 4 ನಿಮಿಷ. ವಾರ ಕಳೆದು ಅದೇ ದಾರಿಯಲ್ಲಿ ಹೋದರೆ ಹಗಲಿನಲ್ಲಿ ಅರ್ಧ ಗಂಟೆಯಷ್ಟು ಕಮ್ಮಿಯಾಗಿರುತ್ತದೆ. ಅದಕ್ಕೇ ಈ ಕಾಲದಲ್ಲಿ ಮಧ್ಯಾಹ್ನದ ಸವಾರಿಗೂ ಲೈಟ್ ತಗೊಂಡೇ ಹೋಗಬೇಕು. ಒಂದು ಪಂಕ್ಚರ್ ಸಾಕು, ಸಂಜೆಯನ್ನು ರಾತ್ರಿ ಮಾಡಲು. ಹಿಂದಿನ ಕೆಂಪು ಲೈಟಿನ ಮೇಲೆ ಕೆಸರು ಕೂತು ಬೆಳಕು ಮಂಕಾಗಿತ್ತು, ಹೆಬ್ಬೆರಳಲ್ಲಿ ಒರೆಸಿದೆ. ಇದನ್ನು ಎಲ್ಲರೂ ಮರೆಯುತ್ತಾರೆ, ಯಾಕೆಂದರೆ ನಮ್ಮ ಹಿಂದಿನ ಲೈಟ್ ನಮಗೆ ಕಾಣುವುದಿಲ್ಲ.

ಎರಡು ದಿನ ಬಿಟ್ಟು ತಮ್ಮನ ಮೆಸೇಜ್ ಬಂತು. "ಅಕ್ಕಾ, ಮುಂದಿನ ಬ್ರೇಕ್ ಹಿಡಿದರೆ ಕರಕರ ಅನ್ನುತ್ತೆ, ಬಿಟ್ಟರೆ ಸದ್ದಿಲ್ಲ. ಬಿಚ್ಚಲಾ?" ಜೊತೆಗೆ ಒಂದು ಫೋಟೋ. ಬ್ರೇಕ್ ಶೂ ಒಳಗೆ ಹೊಳೆಯುವ ಚುಕ್ಕಿಗಳು. ರಿಮ್ಮಿನಿಂದ ಕಿತ್ತುಬಂದ ಅಲ್ಯುಮಿನಿಯಂ ಚೂರುಗಳು, ಒದ್ದೆ ದಾರಿಯ ಮರಳು ಮಾಡಿದ ಕೆಲಸ. ಬಿಚ್ಚು, ಅಂತ ಬರೆದೆ. 5 ಮಿಲಿಮೀಟರಿನ ಅಲೆನ್ ಕೀ ಸಾಕು. ಸೂಜಿಯ ಮೊನೆಯಿಂದ ಒಂದೊಂದೇ ಚೂರು ಕೀಳು, ಶೂ ಮೇಲ್ಮೈಯನ್ನು ಉಜ್ಜುವ ಕಾಗದದಲ್ಲಿ ಸ್ವಲ್ಪ ಉಜ್ಜು, ರಿಮ್ ಒರೆಸು. ವಾಪಸ್ ಹಾಕುವಾಗ ಶೂವಿನ ಮುಂದಿನ ತುದಿ ರಿಮ್ಮಿಗೆ ಕೂದಲೆಳೆಯಷ್ಟು ಮೊದಲು ತಾಗುವ ಹಾಗೆ ಓರೆ ಇಡು, ಇಲ್ಲದಿದ್ದರೆ ಕಿರುಚುತ್ತದೆ. ಟೈರಿಗೆ ಮಾತ್ರ ತಾಗಬಾರದು, ತಾಗಿದರೆ ಟೈರ್ ಕೊಯ್ದುಹೋಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೊಂದು ಫೋಟೋ ಬಂತು. ಬಿಳಿ ಕಾಗದದ ಮೇಲೆ ಕಿತ್ತ ಚೂರುಗಳನ್ನು ಸಾಲಾಗಿ ಜೋಡಿಸಿಟ್ಟಿದ್ದ. ಹಿಂದಿನ ಬ್ರೇಕನ್ನೂ ನೋಡಿಬಿಡು ಅಂದೆ. ಆಗಲೇ ಬಿಚ್ಚಿದ್ದನಂತೆ.